ಸದ್ದಿಲ್ಲದ ಟ್ಯಾಪೆಟ್ಟನ್ನು ನಂಬಬೇಡಿ

ಹಳೇ ಟೀಟಿ (ಟೆಂಪೋ ಟ್ರಾವೆಲರ್) ಓಡಿಸೋರಿಗೆ, ಕೊಳ್ಳೋಕೆ ಹೊರಟೋರಿಗೆ ಇವತ್ತಿನ ಮಾತು. 1987ರಲ್ಲಿ ಬಜಾಜ್ ಟೆಂಪೋ ಕಂಪನಿ ತಂದ ಟ್ರಾವೆಲರ್‌ನ ಮೂಲ ಮರ್ಸಿಡಿಸ್ ವ್ಯಾನು. ಇಂಜಿನ್ನೂ ಅವರದೇ, ಓಎಂ616 ಮನೆತನದ್ದು. ಜರ್ಮನಿಯ 240ಡಿ ಕಾರಲ್ಲಿ ಇದೇ ಇಂಜಿನ್ 1978ರಿಂದ 2,399 ಸಿಸಿ, 72 ಅಶ್ವಶಕ್ತಿ. ಟರ್ಬೋ ಇಲ್ಲ, ಟೈಮಿಂಗ್‌ಗೆ ಚೈನು. ಮಿಕ್ಕ ಅಳತೆ ನಿಮ್ಮ ಫೋನಲ್ಲೇ ಸಿಗುತ್ತೆ, ಬಿಡಿ.

ನನಗೆ ಜಗಳ ಇರೋದು ಒಂದೇ ಮಾತಿನ ಮೇಲೆ: “ಬೆಂಜ್ ಇಂಜಿನ್ ಸಾರ್, ಸದ್ದೇ ಇಲ್ಲ ನೋಡಿ, ಟ್ಯಾಪೆಟ್ ಮುಟ್ಲೇಬೇಡಿ.”

ಅಲ್ಲ ಸ್ವಾಮಿ! ಈ ಇಂಜಿನ್ನಲ್ಲಿ ಟ್ಯಾಪೆಟ್ ತಾನಾಗೇ ಸರಿಹೋಗಲ್ಲ, ಕೈಯಿಂದಲೇ ಇಡಬೇಕು. ತಣ್ಣಗಿದ್ದಾಗ ಗ್ಯಾಪ್ ಇನ್ಲೆಟ್‌ಗೆ 0.10 ಮಿ.ಮೀ., ಎಕ್ಸಾಸ್ಟ್‌ಗೆ 0.30. ಗಾಡಿ ಓಡ್ತಾ ಓಡ್ತಾ ವಾಲ್ವ್ ಸೀಟು ಸವೆಯುತ್ತೆ, ವಾಲ್ವ್ ಮೇಲಕ್ಕೇರುತ್ತೆ, ಗ್ಯಾಪ್ ಕಮ್ಮಿ ಆಗುತ್ತೆ. ಗ್ಯಾಪ್ ಜಾಸ್ತಿಯಾದ್ರೆ ಟಿಕ್ ಟಿಕ್ ಅಂತ ಕೇಳ್ಸುತ್ತೆ. ಗ್ಯಾಪೇ ಹೋದ್ರೆ? ಏನೂ ಕೇಳ್ಸಲ್ಲ! ಸಂದೀಲಿ ಕಾಲೊರಸು ಸಿಕ್ಕಿದ ಬಾಗಿಲಿನ ಹಾಗೆ ವಾಲ್ವ್ ಪೂರ್ತಿ ಮುಚ್ಚಲ್ಲ. ಕಂಪ್ರೆಷನ್ ಸೋರುತ್ತೆ, ಎಕ್ಸಾಸ್ಟ್ ವಾಲ್ವ್ ಸುಡುತ್ತೆ.

ಆಮೇಲೆ ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಸಾಕಾಗುತ್ತೆ. ಬ್ಯಾಟರಿ ಬದಲಾಯಿಸ್ತಾರೆ, ಹೀಟರ್ ಪ್ಲಗ್ ಬದಲಾಯಿಸ್ತಾರೆ, ಪಂಪನ್ನೂ ಬಿಚ್ಚಿಸ್ತಾರೆ. ಗ್ಯಾಪ್ ಅಳೆಯೋ ಫೀಲರ್ ಗೇಜ್ ಮಾತ್ರ ಯಾರೂ ಹಿಡಿಯಲ್ಲ. ಕಂಪ್ರೆಷನ್ ನೋಡಿಸಿ: ಬಿಸಿ ಇಂಜಿನ್ನಲ್ಲಿ 22ರಿಂದ 24 ಬಾರ್ ಇದ್ರೆ ಚೆನ್ನಾಗಿದೆ, 15ಕ್ಕಿಂತ ಕೆಳಗಿಳಿದ್ರೆ ಕೆಲಸ ಇದೆ. ಆದ್ರೆ ಮೊದಲು ಟ್ಯಾಪೆಟ್, ಆಮೇಲೆ ಈ ಪರೀಕ್ಷೆ. ಇಲ್ದಿದ್ರೆ ಒಳ್ಳೇ ಪಿಸ್ಟನ್ ರಿಂಗಿನ ಮೇಲೆ ಸುಮ್ನೆ ಅಪವಾದ ಬರುತ್ತೆ.

ಹಾಗಂತ ಹೀಟರ್ ಪ್ಲಗ್ ತಪ್ಪೇ ಮಾಡಲ್ಲ ಅಂತಲ್ಲ, ಇದನ್ನ ಸ್ಪಷ್ಟ ಮಾಡ್ತೀನಿ. ಡೀಸೆಲ್ ಮೊದಲು ಪ್ರೀಚೇಂಬರಿನಲ್ಲಿ ಉರಿಯೋ ಇಂಜಿನ್ ಇದು; ತಣ್ಣಗಿದ್ದಾಗ ಅದಕ್ಕೆ ಪ್ಲಗ್ಗಿನ ಬಿಸಿ ಬೇಕೇ ಬೇಕು. ತೀರಾ ಹಳೇ ಸುರುಳಿ ಪ್ಲಗ್ಗುಗಳದ್ದು ಸೀರೀಸ್ ವೈರಿಂಗ್, ಒಂದು ಹೋದ್ರೆ ನಾಲ್ಕೂ ತಣ್ಣಗೆ. ಪೆನ್ಸಿಲ್ ಪ್ಲಗ್ಗಾದ್ರೆ ಕೆಟ್ಟ ಸಿಲಿಂಡರ್ ಒಂದೇ ಕುಂಟುತ್ತೆ.

ಉಳಿದಿದ್ದು ಬೇಗ ಬೇಗ. ಡೀಸೆಲ್ ಪಂಪ್ ತಿರುಗೋದೂ ಅದೇ ಟೈಮಿಂಗ್ ಚೈನಿಂದ. ಚೈನ್ ಉದ್ದವಾದ್ರೆ ಡೀಸೆಲ್ ತಡವಾಗಿ ಬೀಳುತ್ತೆ. ಪಿಕಪ್ ಹೋಗುತ್ತೆ, ಬಿಳಿ ಹೊಗೆ ಬರುತ್ತೆ. ಒಂದೇ ಸಿಲಿಂಡರ್ ಕಟ ಕಟ ಅಂದ್ರೆ ನಾಝಲ್ ನೋಡಿ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಏರ್ ಹಿಡಿದಿದ್ರೆ ಡೀಸೆಲ್ ಹೋಸ್, ವಾಷರ್ ನೋಡಿ. ದುಡ್ಡು ಖರ್ಚು ಮಾಡೋದು ಅದಾದ್ಮೇಲೆ.

ಕೊಳ್ಳೋರಿಗೆ ಒಂದೇ ಮಾತು. ಮಾಲೀಕರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ರೆ “ನಾಳೆ ಬರ್ತೀನಿ” ಅನ್ನಿ. ಬಿಸಿ ಇಂಜಿನ್ ಸ್ಟಾರ್ಟ್ ಆಗಿದ್ದನ್ನ ನೋಡಿ ಅಡ್ವಾನ್ಸ್ ಕೊಡಬೇಡಿ.