ಹಬ್ಬದ ಉಳಿಕೆ ಮತ್ತು ಕೊಟ್ಟಿಗೆ



ಚಳಿಗಾಲದಲ್ಲಿ ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಬೀಗರು, ಮೊಮ್ಮಕ್ಕಳು ತುಂಬಿರುತ್ತಾರೆ. ಚರಗ ಚೆಲ್ಲಿ ಎಲ್ಲರೂ ಉಂಡ ಮೇಲೆ ಅನ್ನ, ಹೋಳಿಗೆ, ಕಡಬು ಉಳಿಯುವುದು ಸಹಜ. ಚೆಲ್ಲಲು ಮನಸ್ಸಾಗದೆ ಬುಟ್ಟಿಗಟ್ಟಲೆ ಎತ್ತಿನ ಗೋದಲಿಗೆ ಸುರಿಯುತ್ತಾರೆ. ಮಕ್ಕಳೂ ಒಬ್ಬೊಬ್ಬರಾಗಿ ತಿನ್ನಿಸುತ್ತಾರೆ. ಒಟ್ಟು ಎಷ್ಟಾಯಿತೆಂದು ಯಾರಿಗೂ ಲೆಕ್ಕವಿರುವುದಿಲ್ಲ.

ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ರೂಢಿಯಿಲ್ಲದ ಪಿಷ್ಟ ಒಮ್ಮೆಲೇ ಬಂದರೆ ಆಮ್ಲ ಉತ್ಪಾದಿಸುವ ಜೀವಿಗಳು ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ. ಎತ್ತು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ತೆಳು ಸಗಣಿ ಹಾಕಿ ಮಲಗಿಬಿಡುತ್ತದೆ. ಒಂದೆರಡು ದಿನಗಳಲ್ಲಿ ಸಾಯಲೂಬಹುದು. ಲಕ್ಷಣ ಕಂಡೊಡನೆ ಪಶುವೈದ್ಯರನ್ನು ಕರೆಸಿರಿ, ಬೆಳಗಾಗಲಿ ಎಂದು ಕಾಯಬೇಡಿರಿ. ಬಾಯಿಗೆ ಎಣ್ಣೆ ಹೊಯ್ಯುವವರಿದ್ದಾರೆ. ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಂಟಕ.

ಕುದುರೆಯದು ಬೇರೆ ತೊಂದರೆ. ಚಳಿಯಲ್ಲಿ ತಣ್ಣೀರು ಕಡಿಮೆ ಕುಡಿದು ಬರೀ ಒಣಮೇವು ತಿಂದರೆ ಕರುಳು ಕಟ್ಟಿಕೊಳ್ಳುತ್ತದೆ. ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಉಗುರುಬೆಚ್ಚಗಿನ ನೀರಿಡಿರಿ. ನಾಯಿಗೆ ಬೇಯಿಸಿದ ಎಲುಬು ಬೇಡ, ಸೀಳಿ ಚುಚ್ಚುತ್ತದೆ.

ದನಕ್ಕೆ ಹಬ್ಬದೂಟ ಹಾಕಲೇಬೇಕೆಂದರೆ ಒಂದು ಹಿಡಿ, ಅದೂ ಜೋಳದ ಕಣಿಕೆ ತಿಂದ ಮೇಲೆ. ಮಿಕ್ಕಿದ್ದನ್ನು ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ. ಇಲ್ಲವಾದರೆ ಬಿಡಾಡಿ ದನ ಬಂದು ತಿನ್ನುತ್ತದೆ.