ಭಾರವಿರುವುದು ದಾರದಲ್ಲಿ

ಮೀನು ಹಿಡಿಯುವ ವಿಷಯವಾಗಿ ಮಾತನಾಡಲು ನನಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವನಲ್ಲ. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಹೊತ್ತು ನಾನು ಹೇಳಹೊರಟಿರುವುದು ಗಾಳದ ಕೋಲೊಂದಕ್ಕೆ ಹೊಸ ದಾರವನ್ನು ಆರಿಸಿದ ಪ್ರಸಂಗವನ್ನು. ದಾರದಲ್ಲಿ ಆರಿಸುವುದೇನಿದೆ ಎಂದು ಕೇಳುಗರು ನಗಬಹುದು. ನಾನೂ ಹಾಗೆಯೇ ತಿಳಿದಿದ್ದೆ.

2018ರ ಮೇ ತಿಂಗಳಿನಲ್ಲಿ ನಾನು ಇಂಗ್ಲೆಂಡಿನ ವಿಂಚೆಸ್ಟರ್ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ಊರಿನ ಮಗ್ಗುಲಲ್ಲಿಯೇ ಇಚೆನ್ ಎಂಬ ಹೊಳೆ ಹರಿಯುತ್ತದೆ. ಸುಣ್ಣಕಲ್ಲಿನ ನೆಲದಿಂದ ಒಸರಿ ಬರುವ ನೀರು. ತಳದ ಹರಳುಗಳನ್ನು ಎಣಿಸುವಷ್ಟು ತಿಳಿ. ಪಕ್ಕದ ಮನೆಯಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಸಾಹಿತ್ಯದ ಮೇಷ್ಟ್ರೆಂದು ತಿಳಿದ ಅವರು ಒಂದು ದಿನ ನನ್ನನ್ನು ಅಲ್ಲಿಯ ಮಹಾ ಇಗರ್ಜಿಗೆ ಕರೆದುಕೊಂಡು ಹೋದರು. ಜೇನ್ ಆಸ್ಟಿನ್ ಅವರ ಸಮಾಧಿಯನ್ನು ನೋಡಬೇಕೆಂಬುದು ನನ್ನ ಆಸೆ. ಅವರು ತೋರಿಸಬೇಕೆಂದಿದ್ದುದು ಬೇರೊಂದು ಸಮಾಧಿ. ಅದು ಐಸಾಕ್ ವಾಲ್ಟನ್‌ನದು. 1653ರಲ್ಲಿ 'ದಿ ಕಂಪ್ಲೀಟ್ ಆ್ಯಂಗ್ಲರ್' ಎಂಬ ಪುಸ್ತಕವನ್ನು ಬರೆದು, ಮೀನುಗಾಳದ ಹವ್ಯಾಸವನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಿದವನು. 1683ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡ.

ಆ ಸಮಾಧಿಯ ಮುಂದೆ ನಿಂತಾಗ ನನಗೆ ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ನೆನಪಾಯಿತು. ವಾಲ್ಟನ್ನನಿಗಿಂತ ಐನೂರು ವರ್ಷ ಹಿಂದೆ, 12ನೆಯ ಶತಮಾನದಲ್ಲಿ, ಸಂಸ್ಕೃತದಲ್ಲಿ ಅವನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇದೆ. ಅರಸನಾದವನು ಗಾಳ ಹಾಕಿ ಮೀನು ಹಿಡಿಯುವ ಬಗೆಯನ್ನು ಅಲ್ಲಿ ಹೇಳಿದ್ದಾನೆ. ಇದನ್ನು ಹೇಳಿದಾಗ ಆ ಹಿರಿಯರು ನನ್ನ ಕೈಯನ್ನು ಹಿಡಿದು ಕುಲುಕಿದರು. "ಹಾಗಾದರೆ ಪ್ರೊಫೆಸರ್, ನೀವು ನಾಳೆ ನನ್ನೊಂದಿಗೆ ಬರಲೇಬೇಕು. ನನ್ನ ಕೋಲಿಗೆ ಹೊಸ ದಾರ ಕೊಳ್ಳುವುದಿದೆ" ಎಂದರು. ಆ ಕೋಲು ಅವರ ನಿವೃತ್ತಿಯ ದಿನ ಹೆಂಡತಿ ಕೊಟ್ಟ ಉಡುಗೊರೆ. ಹಳೆಯ ದಾರದ ಮೈ ಬಿರುಕುಬಿಟ್ಟು, ತೇಲಬೇಕಾದ ತುದಿ ಮುಳುಗತೊಡಗಿತ್ತು. ಅವರ ಬಲ ಭುಜಕ್ಕೆ ಹಿಂದಿನ ವರ್ಷ ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದನ್ನು ಮಾತ್ರ ನನಗೆ ಹೇಳಿದವಳು ನನ್ನ ಮಗಳು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ನಾನು ಹುಡುಗನಾಗಿದ್ದಾಗ ಕಾವೇರಿಯ ದಡದಲ್ಲಿ ಮೀನು ಹಿಡಿಯುವವರನ್ನು ಕಂಡಿದ್ದೆ. ಗಾಳಕ್ಕೆ ರಾಗಿಹಿಟ್ಟಿನ ಮುದ್ದೆಯನ್ನು ಮೆತ್ತಿ, ಸೀಸದ ಗುಂಡನ್ನು ಕಟ್ಟಿ ಬೀಸಿದರೆ ಅದು ಕವಣೆಯ ಕಲ್ಲಿನಂತೆ ಹಾರಿ ನಡುಹೊಳೆಗೆ ಬೀಳುತ್ತಿತ್ತು. ಅಲ್ಲಿ ಭಾರವಿರುವುದು ತುದಿಯಲ್ಲಿ. ದಾರ ಅದರ ಹಿಂದೆ ಸುಮ್ಮನೆ ಹೋಗುತ್ತದೆ. ಫ್ಲೈ ಫಿಶಿಂಗ್ ಎನ್ನುವ ಈ ನೊಣಗಾಳದ ಕ್ರಮ ಅದಕ್ಕೆ ತೀರ ವಿರುದ್ಧವಾದದ್ದು. ಇಲ್ಲಿ ಗಾಳಕ್ಕೆ ಪುಕ್ಕವನ್ನೂ ರೇಷ್ಮೆಯ ಎಳೆಯನ್ನೂ ಸುತ್ತಿ ನೊಣದ ರೂಪ ಕೊಟ್ಟಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ಅದನ್ನು ಎಸೆಯುವುದೆಂದರೆ ಹತ್ತಿಯ ಎಳೆಯನ್ನು ಎಸೆದಂತೆ. ಆದುದರಿಂದ ಭಾರವನ್ನೆಲ್ಲ ದಾರದಲ್ಲಿಯೇ ಇಟ್ಟರು. ಬೀಸುವವನು ನಿಜವಾಗಿ ಎಸೆಯುವುದು ದಾರವನ್ನು. ನೊಣ ಅದರ ಬೆನ್ನು ಹಿಡಿದು ಹೋಗುತ್ತದೆ. ದಾರದ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗಬೇಕು, ಬಾಗಿದ್ದು ನೆಟ್ಟಗಾಗುವಾಗ ದಾರವನ್ನು ಮುಂದಕ್ಕೆ ಅಟ್ಟಬೇಕು. ದಾರ ಹಗುರವಾದರೆ ಕೋಲು ಬಾಗುವುದಿಲ್ಲ. ಹೆಚ್ಚು ಭಾರವಾದರೆ ಸೋತು ಜೋಲುತ್ತದೆ. ಕೋಲಿಗೂ ದಾರಕ್ಕೂ ಹೊಂದಿಕೆಯಾಗಬೇಕು ಎನ್ನುವುದು ಇದಕ್ಕಾಗಿ.

ವಾಲ್ಟನ್ನನ ಕಾಲದ ದಾರ ಕುದುರೆಯ ಬಾಲದ ಕೂದಲಿನದು. ಬುಡದ ಕಡೆ ಹೆಚ್ಚು ಎಳೆ, ತುದಿಯ ಕಡೆ ಕಡಿಮೆ ಎಳೆ ಸೇರಿಸಿ ಹೊಸೆಯುತ್ತಿದ್ದರು. ಆಮೇಲೆ ಹೆಣೆದ ರೇಷ್ಮೆಗೆ ಅಗಸೆ ಎಣ್ಣೆ ಕುಡಿಸಿದ ದಾರ ಬಂತು. ನೋಡಲು ಚೆಲುವಾದರೂ ಅದರ ಉಪಚಾರ ಬಹಳ. ತೇಲಲೆಂದು ಜಿಡ್ಡು ಸವರಬೇಕು, ಸಂಜೆ ಮನೆಗೆ ಬಂದಮೇಲೆ ರಾಟೆಯಿಂದ ಬಿಚ್ಚಿ ಒಣಗಹಾಕಬೇಕು, ಇಲ್ಲವಾದರೆ ಕೊಳೆಯುತ್ತದೆ. ರೇಷ್ಮೆಯ ಕಾಲದಲ್ಲಿ ದಾರವನ್ನು ದಪ್ಪದಿಂದ ಅಳೆದು, ಅಕ್ಷರಗಳಿಂದ ಗುರುತಿಸುತ್ತಿದ್ದರು. ಎಲ್ಲವೂ ರೇಷ್ಮೆಯೇ ಆದುದರಿಂದ ದಪ್ಪ ಗೊತ್ತಾದರೆ ತೂಕವೂ ಗೊತ್ತಾದಂತೆ. ನೈಲಾನ್ ಮತ್ತು ಪ್ಲಾಸ್ಟಿಕ್ ಬಂದಮೇಲೆ ಈ ಲೆಕ್ಕ ಕೆಟ್ಟಿತು. ಅಷ್ಟೇ ದಪ್ಪದ ಎರಡು ದಾರಗಳಲ್ಲಿ ಒಂದು ಭಾರ, ಇನ್ನೊಂದು ಹಗುರ. ಕೊನೆಗೆ 1960ರ ಆಸುಪಾಸಿನಲ್ಲಿ ಅಮೆರಿಕದ ತಯಾರಕರು ದಪ್ಪವನ್ನು ಬಿಟ್ಟು ತೂಕವನ್ನೇ ಹಿಡಿದರು. ದಾರದ ಮುಂಭಾಗದ 30 ಅಡಿ ಎಷ್ಟು ಗ್ರೇನ್ ತೂಗುತ್ತದೆ ಎಂಬುದರ ಮೇಲೆ ಸಂಖ್ಯೆ ಕೊಟ್ಟರು. 5ನೆಯ ನಂಬರಿನ ದಾರ 140 ಗ್ರೇನ್, 6ನೆಯದು 160, 7ನೆಯದು 185. ನಮ್ಮ ಹಿರಿಯರ ಒಂದು ತೊಲ ಸರಿಯಾಗಿ 180 ಗ್ರೇನ್. ಅಂದಮೇಲೆ ಇಷ್ಟೆಲ್ಲ ಚರ್ಚೆ ನಡೆಯುವುದು ಒಂದು ತೊಲದ ಒಳಹೊರಗೆ!

ಮರುದಿನ ಅಂಗಡಿಗೆ ಹೋದೆವು. ಗೋಡೆಯ ತುಂಬ ಡಬ್ಬಿಗಳು, ಪ್ರತಿಯೊಂದರ ಮೇಲೂ ಬೀಜಾಕ್ಷರಗಳಂತೆ ಸಂಕೇತಗಳು. ನಮ್ಮ ಹಿರಿಯರು ಆಗಲೇ ಮನಸ್ಸಿನಲ್ಲಿ ಒಂದನ್ನು ಗೊತ್ತುಮಾಡಿಕೊಂಡಿದ್ದರು: ಬಹುದೂರ ಬೀಸುವವರಿಗೆಂದು ಮಾಡಿದ, ಎಲ್ಲಕ್ಕಿಂತ ಬೆಲೆಯುಳ್ಳ ದಾರ. ಅಂಗಡಿಯಲ್ಲಿದ್ದ ತರುಣಿ ಅದನ್ನು ತೆಗೆದುಕೊಡುವ ಮೊದಲು ಮೂರು ಪ್ರಶ್ನೆ ಕೇಳಿದಳು. ಕೋಲು ಯಾವುದು? ನೀರು ಯಾವುದು? ಎಷ್ಟು ದೂರ ಬೀಸುತ್ತೀರಿ? ಕೋಲಿನ ಮೇಲೆ 5 ಎಂದು ಬರೆದಿತ್ತು. ನೀರು ಇಚೆನ್. ಮೂರನೆಯ ಪ್ರಶ್ನೆಗೆ ಅವರು ತಡೆಯಿಲ್ಲದೆ "ಅರವತ್ತು ಅಡಿ" ಎಂದರು.

ಅಂಗಡಿಯ ಹಿಂದೆ ಸಣ್ಣದೊಂದು ಹುಲ್ಲುಹಾಸು. ತರುಣಿ ಬೇರೊಂದು ದಾರವನ್ನು ಏರಿಸಿ, ತುದಿಗೆ ಗಾಳದ ಬದಲು ಉಣ್ಣೆಯ ಕುಚ್ಚು ಕಟ್ಟಿ ಕೊಟ್ಟಳು. ಅವರು ಬೀಸಿದರು. ಮತ್ತೊಮ್ಮೆ ಬೀಸಿದರು. ಮೂರನೆಯ ಸಲ ಭುಜವನ್ನು ಒತ್ತಿಹಿಡಿದುಕೊಂಡದ್ದನ್ನು ನಾನು ನೋಡಿ, ನೋಡದವನಂತೆ ಮುಖ ತಿರುಗಿಸಿದೆ. ಕುಚ್ಚು ಬಿದ್ದ ಜಾಗವನ್ನು ಅವಳು ಅಳೆದಳು. 28 ಅಡಿ.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಆ ಹುಡುಗಿ ಬಹಳ ಸಹಜವಾಗಿ, "ಆ ಹೊಳೆಯಲ್ಲಿ ನಿಮ್ಮ ಮೀನು ಇರುವುದೂ ಅಷ್ಟರಲ್ಲಿಯೇ ಅಲ್ಲವೆ?" ಎಂದಳು. ಅದರಲ್ಲಿ ಅನುಕಂಪವಿರಲಿಲ್ಲ, ಲೆಕ್ಕವಿತ್ತು. ಕೋಲಿನ ಮೇಲಿನ 5 ಎಂಬುದು 30 ಅಡಿ ದಾರ ಗಾಳಿಯಲ್ಲಿದ್ದಾಗಿನ ಮಾತು. ತುದಿಯ ಸಣ್ಣ ನೂಲಿನ ಉದ್ದವನ್ನು ಕಳೆದರೆ ಇವರ ಬೀಸಿನಲ್ಲಿ ಹೊರಬರುವ ದಾರ 20 ಅಡಿಯೂ ಇಲ್ಲ. ಅಷ್ಟರ ತೂಕಕ್ಕೆ ಕೋಲು ಬಾಗುವುದಿಲ್ಲ. ಬಾಗದ ಕೋಲಿನ ಕೆಲಸವನ್ನು ಭುಜ ಮಾಡಬೇಕಾಗುತ್ತದೆ. ಒಂದು ನಂಬರು ಮೇಲಿನ ದಾರ ಹಾಕಿದರೆ ಕೋಲು ತನ್ನ ಕೆಲಸವನ್ನು ತಾನು ಮಾಡುತ್ತದೆ, ಭುಜಕ್ಕೆ ಬಿಡುವು. ಈಗಿನ ಎಷ್ಟೋ ದಾರಗಳು ಡಬ್ಬಿಯ ಮೇಲಿನ ಸಂಖ್ಯೆಗಿಂತ ಹೆಚ್ಚೇ ತೂಗುವುದರಿಂದ, ಸಂಖ್ಯೆಯನ್ನು ನಂಬದೆ ಗ್ರೇನ್ ಲೆಕ್ಕವನ್ನು ಓದಬೇಕೆಂದೂ ಅವಳು ಹೇಳಿದಳು. 160 ಗ್ರೇನ್ ಎಂದು ಬರೆದಿದ್ದ 6ನೆಯ ನಂಬರಿನ ತೇಲುವ ದಾರವನ್ನು ಎತ್ತಿಟ್ಟಳು. ಅದು ಎರಡೂ ತುದಿ ಒಂದೇ ಬಗೆಯಾಗಿ ಸಣ್ಣಗಾಗುವ ದಾರ. ದೂರ ಎಸೆಯುವವರಿಗೆ ಮುಂಭಾಗದಲ್ಲಿ ಮಾತ್ರ ಭಾರ ತುಂಬಿದ ದಾರ ಒಳ್ಳೆಯದು; ಹತ್ತಿರದ ಬೀಸಿಗೆ ಇದೇ ಸಾಕು. ಬೆಲೆಯೂ ಕಡಿಮೆ.

"ಇದರಲ್ಲಿ ಇನ್ನೊಂದು ಲಾಭವಿದೆ. ಕೆಲವು ವರ್ಷಗಳಲ್ಲಿ ಈ ತುದಿ ಸವೆದಾಗ ದಾರವನ್ನು ತಿರುಗಿಸಿ ಸುತ್ತಿಕೊಂಡರಾಯಿತು. ಆ ತುದಿ ಹೊಸದಾಗಿಯೇ ಇರುತ್ತದೆ" ಎಂದಳು.

"ಆ ತುದಿ ನನಗೆ ಬೇಕಾಗುವಂತೆ ಕಾಣುವುದಿಲ್ಲ" ಎಂದರು ಅವರು, ನಕ್ಕು. ಹಣ ಕೊಟ್ಟು ದಾರವನ್ನು ಕೊಂಡರು.

ಆ ವಾರ ಹೊಳೆಯ ದಂಡೆಯಲ್ಲಿ ಕೋಲನ್ನು ನನ್ನ ಕೈಗೂ ಒಂದು ಸಲ ಕೊಟ್ಟರು. ನಾನು ಕಾವೇರಿಯ ನೆನಪಿನಲ್ಲಿ ಬಲವೆಲ್ಲ ಹಾಕಿ ಬೀಸಿದೆ. ದಾರ ಸುರುಳಿಸುರುಳಿಯಾಗಿ ನನ್ನ ಕಾಲ ಬಳಿಯೇ ಬಿತ್ತು. "ಬಲ ಬೇಡ ಪ್ರೊಫೆಸರ್, ಕಾಯಿರಿ. ದಾರ ಹಿಂದೆ ಪೂರ್ತಿಯಾಗಿ ಬಿಚ್ಚಿಕೊಳ್ಳಲಿ, ಆಮೇಲೆ ಮುಂದಕ್ಕೆ ತನ್ನಿ" ಎಂದರು. ಆಮೇಲೆ ತಾವೇ ಬೀಸಿ ತೋರಿಸಿದರು. ದಾರ ತಲೆಯ ಮೇಲೆ ಹಿಂದಕ್ಕೆ ಹೋಗಿ, ಒಂದು ಗಳಿಗೆ ನೆಟ್ಟಗೆ ನಿಂತು, ಮುಂದೆ ಬಿಚ್ಚಿಕೊಂಡು, ನೊಣ ನೀರಿನ ಮೇಲೆ ಸದ್ದಿಲ್ಲದೆ ಇಳಿಯಿತು. ಅಂದು ಅವರಿಗೆ ಸಿಕ್ಕಿದ್ದು ಒಂದೇ ಒಂದು ಟ್ರೌಟ್ ಮೀನು. ಅದನ್ನು ಒದ್ದೆಗೈಯಲ್ಲಿ ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಟ್ಟರು. ಭುಜವನ್ನು ಮುಟ್ಟಿಕೊಂಡದ್ದನ್ನು ನಾನು ಕಾಣಲಿಲ್ಲ.

ಊರಿಗೆ ಬಂದಮೇಲೂ ಹುಲ್ಲುಹಾಸಿನ ಆ 28 ಅಡಿ ನನ್ನನ್ನು ಬಿಡಲಿಲ್ಲ. ಎದುರಿಗೆ ಮೂವತ್ತು ಅಡಿಯಲ್ಲಿ ಕುಳಿತಿದ್ದ ಹುಡುಗರನ್ನು ಬಿಟ್ಟು, ಅರವತ್ತು ಅಡಿ ಆಚೆಗೆ ಎಷ್ಟು ವರ್ಷ ಪಾಠ ಹೇಳಿದೆನೋ! ಯಾವ ವಿದ್ವಾಂಸರು ಮೆಚ್ಚಲೆಂದು ಆ ಪಾಠಾಂತರಗಳನ್ನು ಎತ್ತಿ ಆಡುತ್ತಿದ್ದೆನೋ, ಅವರು ಆ ಕೋಣೆಯಲ್ಲಿ ಇರಲೇ ಇಲ್ಲ. ನನ್ನನ್ನು ಕೂಡ ಯಾರಾದರೂ ಹುಲ್ಲುಹಾಸಿಗೆ ಕರೆದುಕೊಂಡು ಹೋಗಿ ಅಳೆದು ತೋರಿಸಿದ್ದರೆ ಒಳ್ಳೆಯದಿತ್ತು. ಆದರೆ ಅಳತೆಯನ್ನು ಕೇಳಿ, ಆ ಹಿರಿಯರಂತೆ ನಕ್ಕು ಒಪ್ಪಿಕೊಳ್ಳುವ ದೊಡ್ಡತನ ಆಗ ನನ್ನಲ್ಲಿತ್ತೇ ಎಂದು ಕೇಳಿಕೊಂಡರೆ, ಇತ್ತೆಂದು ಹೇಳಲಾರೆ.

2023ರ ಬೇಸಿಗೆಯಲ್ಲಿ ಮಗಳು ದೂರವಾಣಿಯಲ್ಲಿ ಮಾತನಾಡುತ್ತ, "ಅಪ್ಪ, ಪಕ್ಕದ ಮನೆಯವರು ನಿಮಗೊಂದು ಸುದ್ದಿ ಹೇಳಬೇಕೆಂದರು. ಅದೇನೆಂದು ನನಗೆ ಅರ್ಥವಾಗಲಿಲ್ಲ, ನಿಮಗೆ ಆಗುತ್ತದಂತೆ" ಎಂದಳು.

"ಏನಮ್ಮ ಅದು?" ಎಂದೆ.

"ದಾರವನ್ನು ತಿರುಗಿಸಿ ಸುತ್ತಿಕೊಂಡರಂತೆ."