ಡಬ್ಬಿಗಳ ನಡುವಿನ ಕೊಂಡಿ

ವಾಡಿಯಿಂದ ಸಿಮೆಂಟು ಹೊತ್ತ ಗೂಡ್ಸ್ ರೈಲು ಚಿತ್ತಾಪುರ, ಸೇಡಂ ದಾಟಿ ಹೋಗುವಾಗ ನಾವು ಡಬ್ಬಿ ಎಣಿಸುತ್ತೇವೆ. ನಡುವಿನ ಕೊಂಡಿಯನ್ನು ನೋಡುವುದೇ ಇಲ್ಲ. ಹಿಂದೆ ಅಲ್ಲಿ ತಿರುಪಿನ ಕೊಂಡಿ ಇರುತ್ತಿತ್ತು. ಎರಡು ಡಬ್ಬಿಗಳ ಸಂದಿಗೆ ಆಳು ನುಗ್ಗಿ, ಕೊಕ್ಕೆ ಹಾಕಿ ಬಿಗಿಯಬೇಕು. ಎಂಥ ಅಪಾಯದ ಕೆಲಸ!

ವಾಡಿ–ಸಿಕಂದರಾಬಾದ್ ಮಾರ್ಗ ತೆರೆದದ್ದು 1874ರಲ್ಲಿ. ಅದಕ್ಕೆ ಒಂದೇ ವರ್ಷ ಮೊದಲು ಅಮೆರಿಕದಲ್ಲಿ ಎಲಿ ಜ್ಯಾನಿ ಎಂಬ ಅಂಗಡಿ ಗುಮಾಸ್ತ ಹೊಸ ಕೊಂಡಿಗೆ ಪೇಟೆಂಟ್ ಪಡೆದ. ಎರಡು ಕೈಗಳ ಮಡಿಸಿದ ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಂಡಂತೆ ಅದು. ಡಬ್ಬಿ ಬಂದು ತಾಗಿದರೆ ಉಕ್ಕಿನ ಬೆರಳು ತಿರುಗಿ ಮುಚ್ಚುತ್ತದೆ, ಬೀಗ ತಾನಾಗಿ ಬೀಳುತ್ತದೆ. ಬಿಡಿಸಲು ಪಕ್ಕದಲ್ಲೇ ನಿಂತು ಸನ್ನೆ ಎತ್ತಿದರಾಯಿತು. ನಮ್ಮ ಇಂದಿನ ಗೂಡ್ಸ್ ಡಬ್ಬಿಗಳಲ್ಲಿರುವುದು ಇದರ ಸಂತತಿಯೇ.

ಮಾದರಿ ರೈಲಿನ ಹವ್ಯಾಸಿಗಳೂ ಪ್ಲಾಸ್ಟಿಕ್ ಕೊಕ್ಕೆ ಕಿತ್ತು ಇದೇ ಬೆರಳನ್ನು ಕೂರಿಸುತ್ತಾರೆ. ಎರಡೂ ಕೊಂಡಿಗಳ ಎತ್ತರ ಹೊಂದದಿದ್ದರೆ ಓಡುವಾಗ ಬಂಡಿ ಕಳಚಬಹುದು. ಹಳಿಯೇ ಕಾಣದ ಚಿಂಚೋಳಿಯ ಶಾಲೆಯೊಂದರ ಮೇಜಿನ ಮೇಲೆ ಅಂಥ ಎರಡು ಡಬ್ಬಿ ಜೋಡಿಸಿ ತೋರಿಸಿದರೆ ಸಾಕು, ವಾಡಿ, ಶಹಾಬಾದಿನ ಹಳಿಗಳ ಮೇಲೆ ಕೇಳುವ ಆ ‘ಢಣ್’ ಸದ್ದು ಯಾವುದೆಂದು ಮಕ್ಕಳಿಗೆ ತಿಳಿದೀತು.